ಬಸ್ ಕೈಕೊಟ್ಟಾಗ ಡ್ರೈವರ್ ಮೊದಲು ಸುಮ್ಮನಾಗಬೇಕು

ಸರ್ವರ್‌ಗೆ ಹಾಕುವ ಸ್ಟೋರೇಜ್ ಕಾರ್ಡ್‌ಗಳಿಗೆ ಲಿನಕ್ಸ್ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಬರೆಯುವುದು ನನ್ನ ಕೆಲಸ. ಫೇಟಲ್ ಎರರ್ ಬಗ್ಗೆ ಮಾತು ಬಂದರೆ ಟೀಮಿಗೆ ಹೊಸದಾಗಿ ಬಂದವರು "ಕಾರ್ಡ್ ರೀಸೆಟ್ ಮಾಡಿದರೆ ಆಯ್ತು ಅಲ್ವಾ?" ಅಂತ ಕೇಳುತ್ತಾರೆ. ರೀಸೆಟ್ ಅಷ್ಟೇನೂ ಕಷ್ಟ ಅಲ್ಲ. ರೀಸೆಟ್ ಆಗುವವರೆಗೆ ಡ್ರೈವರ್ ಹಾರ್ಡ್‌ವೇರ್ ತಂಟೆಗೆ ಹೋಗದಂತೆ ನೋಡಿಕೊಳ್ಳುವುದೇ ಕಷ್ಟ.

ಕಾರ್ಡನ್ನು ಸರ್ವರ್‌ಗೆ ಜೋಡಿಸುವ ಬಸ್ ಪಿಸಿಐ ಎಕ್ಸ್‌ಪ್ರೆಸ್, ಆ ಜೋಡಣೆಯೇ ಲಿಂಕ್. ಅದರಲ್ಲಿ ಎರರ್‌ಗಳು ಮೂರು ಬಗೆ. ಕರೆಕ್ಟಬಲ್ ಆದರೆ ಹಾರ್ಡ್‌ವೇರೇ ಸರಿಮಾಡಿಕೊಳ್ಳುತ್ತದೆ. ನಾನ್-ಫೇಟಲ್ ಅಂದರೆ ಯಾವುದೋ ಒಂದು ವ್ಯವಹಾರ ಕೆಟ್ಟಿತು, ಲಿಂಕ್ ಮಾತ್ರ ನೆಟ್ಟಗಿದೆ. ಫೇಟಲ್ ಅಂದರೆ ಲಿಂಕನ್ನೇ ನಂಬುವಂತಿಲ್ಲ. ಆಗ ಲಿನಕ್ಸ್‌ನ ಎಇಆರ್ (ಈ ಎರರ್‌ಗಳನ್ನು ನಿಭಾಯಿಸುವ) ಕೋಡ್ ನಮ್ಮ ಡ್ರೈವರ್‌ನ ಎರರ್ ಡಿಟೆಕ್ಟೆಡ್ ಫಂಕ್ಷನ್ ಅನ್ನು ಕರೆದು 'ಚಾನೆಲ್ ಫ್ರೋಜನ್' ಅಂತ ಹೇಳುತ್ತದೆ. ನಾವು 'ರೀಸೆಟ್ ಬೇಕು' ಅಂತ ಉತ್ತರ ಕೊಡುತ್ತೇವೆ. ಅದು ಲಿಂಕ್ ರೀಸೆಟ್ ಮಾಡಿ ಸ್ಲಾಟ್ ರೀಸೆಟ್ ಫಂಕ್ಷನ್ ಕರೆಯುತ್ತದೆ, ಕೊನೆಗೆ ರೆಸ್ಯೂಮ್. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ.

ಒಬ್ಬ ಗ್ರಾಹಕರ ಸರ್ವರ್‌ನಿಂದ ಬಂದ ಲಾಗ್‌ನಲ್ಲಿ ಫೇಟಲ್ ಎರರ್ ಬಂದ ಸಾಲು ಇತ್ತು, ರಿಕವರಿ ಆಯಿತು ಅನ್ನುವ ಸಾಲೂ ಇರಲಿಲ್ಲ, ಆಗಲಿಲ್ಲ ಅನ್ನುವ ಸಾಲೂ ಇರಲಿಲ್ಲ, ಸ್ವಲ್ಪ ಹೊತ್ತಿಗೆ ನೇರವಾಗಿ ಹಾರ್ಡ್ ಲಾಕಪ್, ಅಂದರೆ ಸಿಪಿಯು ಒಂದೇ ಕಡೆ ಸಿಕ್ಕಿಹಾಕಿಕೊಂಡಿತ್ತು. ಸ್ಟ್ಯಾಕ್ ಟ್ರೇಸ್ (ಕೋಡ್ ಎಲ್ಲಿ ನಿಂತಿತ್ತು ಅನ್ನುವ ದಾಖಲೆ) ಹಿಡಿದು ಹೋದರೆ ಸಿಕ್ಕಿದ್ದು ಒಂದು ಪುಟ್ಟ ಲೂಪ್: ಕಾರ್ಡ್‌ನ ಸ್ಟೇಟಸ್ ರಿಜಿಸ್ಟರ್ (ಅದರ ಸ್ಥಿತಿ ತಿಳಿಸುವ ಪುಟ್ಟ ಜಾಗ) ಓದು, ಬ್ಯುಸಿ ಬಿಟ್ 1 ಇದ್ದರೆ ಮತ್ತೆ ಓದು. ಎಕ್ಸ್86 ಸರ್ವರ್‌ಗಳಲ್ಲಿ ಲಿಂಕ್ ಬಿದ್ದ ಮೇಲೆ ರಿಜಿಸ್ಟರ್ ಓದಿದರೆ ಸಿಪಿಯುಗೆ ಯಾವ ದೂರೂ ಬರುವುದಿಲ್ಲ, 32 ಬಿಟ್‌ಗಳೂ 1 ಆಗಿ ಬರುತ್ತವೆ ಅಷ್ಟೇ. ಅಂದರೆ ಬ್ಯುಸಿ ಬಿಟ್ ಯಾವತ್ತೂ 1. ಆ ಲೂಪ್ ಸ್ಪಿನ್‌ಲಾಕ್ (ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಬೀಗ) ಹಿಡಿದು, ಇಂಟರಪ್ಟ್ (ಹಾರ್ಡ್‌ವೇರ್ ಸಿಪಿಯುವನ್ನು ಕರೆಯುವ ಸಂಕೇತ) ಆಫ್ ಮಾಡಿಕೊಂಡು ಸುತ್ತುತ್ತಿತ್ತು. ನಮ್ಮ ಎರರ್ ಡಿಟೆಕ್ಟೆಡ್ ಫಂಕ್ಷನ್ ಮೊದಲು ಕೇಳುತ್ತಿದ್ದದ್ದೂ ಅದೇ ಲಾಕನ್ನು! ಕಾಪಾಡಬೇಕಾದ ಕೋಡ್ ಬಾಗಿಲಲ್ಲೇ ನಿಂತುಬಿಟ್ಟಿತ್ತು.

ಇಷ್ಟಾದರೂ ನನ್ನ ಪ್ರಕಾರ ಇದು ಒಳ್ಳೆಯ ಥರದ ತೊಂದರೆ, ಯಾಕೆಂದರೆ ಕಣ್ಣಿಗೆ ಕಾಣುತ್ತದೆ. ಹೆದರಬೇಕಾದದ್ದು ಬೇರೆಯದಕ್ಕೆ. ಕ್ಯೂ ಎಲ್ಲಿಯವರೆಗೆ ತುಂಬಿದೆ ಅನ್ನುವ ಇಂಡೆಕ್ಸ್ ಅನ್ನು ರಿಜಿಸ್ಟರ್‌ನಿಂದ ಓದಿ, ಪರೀಕ್ಷೆ ಮಾಡದೆ ಅರೇಯ (ಮೆಮೊರಿಯಲ್ಲಿರುವ ಪಟ್ಟಿಯ) ಸ್ಥಾನವಾಗಿ ಬಳಸಿದರೆ, ಆ ಎಲ್ಲ-ಒಂದು ಬೆಲೆ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಮೆಮೊರಿಯಲ್ಲಿ ಎಲ್ಲಿಗೋ ಕೈ ಹಾಕಿಸುತ್ತದೆ. ಸರ್ವರ್ ಆಮೇಲೆ ಯಾವಾಗಲೋ, ಸಂಬಂಧವೇ ಇಲ್ಲದ ಜಾಗದಲ್ಲಿ ಬೀಳುತ್ತದೆ. ಇಂಥದ್ದನ್ನು ಹುಡುಕಿದವರಿಗೇ ಗೊತ್ತು ಆ ಸಂಕಟ.

ಹಾಗಾಗಿ ಈಗ ರಿವ್ಯೂ ಮಾಡುವಾಗ ಪ್ರತಿ ರಿಜಿಸ್ಟರ್ ಓದಿನ ಪಕ್ಕ ಒಂದೇ ಪ್ರಶ್ನೆ ಕೇಳುತ್ತೇನೆ: ಇಲ್ಲಿ ಎಲ್ಲ ಒಂದು ಬಂದರೆ ಏನಾಗುತ್ತದೆ? 2022ರಲ್ಲಿ ಬಂದ ಕರ್ನಲ್ 5.17ರಿಂದ ಈ ಪರೀಕ್ಷೆಗೆ ಪಿಸಿಐ ಪಾಸಿಬಲ್ ಎರರ್ ಅನ್ನುವ ಮ್ಯಾಕ್ರೋ (ಸಿದ್ಧ ಕೋಡ್ ತುಣುಕು) ಇದೆ. ಆದರೆ ಕೆಲವು ರಿಜಿಸ್ಟರ್‌ಗಳಲ್ಲಿ ಎಲ್ಲ ಒಂದು ಅನ್ನುವುದು ನಿಜವಾದ ಬೆಲೆಯೂ ಆಗಿರಬಹುದು. ಅನುಮಾನ ಇದ್ದರೆ, ಎಂದೂ ಹಾಗೆ ಇರಲಾರದ ಇನ್ನೊಂದು ರಿಜಿಸ್ಟರ್ ಓದಿ ನೋಡಬೇಕು. ಲೂಪ್‌ನ ಮಿತಿಯನ್ನು ಸುತ್ತುಗಳಲ್ಲಿ ಎಣಿಸಬೇಡಿ, ಸಮಯದಲ್ಲಿ ಎಣಿಸಿ. ಲಿಂಕ್ ಇದ್ದೂ ಕಾರ್ಡ್ ಉತ್ತರ ಕೊಡದಿದ್ದರೆ ಒಂದೊಂದು ಓದೂ ಕಂಪ್ಲೀಷನ್ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗಡುವು) ಆಗುವವರೆಗೆ ಕಾಯುತ್ತದೆ. ಅದು ಡೀಫಾಲ್ಟ್ ಆಗಿ 50 ಮೈಕ್ರೋಸೆಕೆಂಡ್‌ನಿಂದ 50 ಮಿಲಿಸೆಕೆಂಡ್‌ವರೆಗೆ ಇರಬಹುದು. ಸಾವಿರ ಸುತ್ತು ಅಂದರೆ 50 ಸೆಕೆಂಡ್ ಆಯಿತಲ್ಲ!

ಎರರ್ ಡಿಟೆಕ್ಟೆಡ್ ಒಳಗೆ ನಾವೀಗ ಮೊದಲು ಒಂದು ಫ್ಲ್ಯಾಗ್ ಎತ್ತುತ್ತೇವೆ, ಲಾಕ್ ಇಲ್ಲದೆ. ಸ್ಟ್ಯಾಟಿಸ್ಟಿಕ್ಸ್ ಓದುವ ವರ್ಕರ್ (ಹಿನ್ನೆಲೆಯಲ್ಲಿ ಓಡುವ ಕೋಡ್), ಟೈಮರ್, ವಾಚ್‌ಡಾಗ್ (ಕಮಾಂಡ್‌ಗಳು ಮುಗಿದವೇ ಅಂತ ಕಾಯುವ ಕಾವಲು ಕೋಡ್), ಐಓಸಿಟಿಎಲ್ (ಪ್ರೋಗ್ರಾಂಗಳು ಡ್ರೈವರ್‌ಗೆ ಕಳಿಸುವ ಕೋರಿಕೆ) ಎಲ್ಲವೂ ಅದನ್ನು ನೋಡಿ ವಾಪಸ್ ಹೋಗಬೇಕು. ವಾಚ್‌ಡಾಗ್ ಮೇಲೆ ಜಾಸ್ತಿ ಕಣ್ಣಿಡಿ. ಕಮಾಂಡ್‌ಗೆ ಉತ್ತರ ಬರಲಿಲ್ಲ ಅಂತ ಅದು ತನ್ನದೇ ರೀಸೆಟ್ ಶುರು ಮಾಡಿ ಎಇಆರ್ ರಿಕವರಿಯ ಮಧ್ಯಕ್ಕೆ ನುಗ್ಗುತ್ತದೆ. ಇಂಟರಪ್ಟ್‌ಗಾಗಿ ಕಾದು ಕೂತವರನ್ನು ಎರರ್ ಕೊಟ್ಟು ಎಬ್ಬಿಸಿ, ಆ ಇಂಟರಪ್ಟ್ ಇನ್ನು ಬರುವುದಿಲ್ಲ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಕೆಟ್ಟ ಲಿಂಕ್‌ನ ಕೆಳಗಿರುವ ಯಾವುದೇ ಒಂದು ಡಿವೈಸ್‌ನ ಡ್ರೈವರ್‌ಗೆ ಎರರ್ ಡಿಟೆಕ್ಟೆಡ್ ಫಂಕ್ಷನ್ ಇಲ್ಲದಿದ್ದರೆ ಎಲ್ಲರ ರಿಕವರಿಯೂ ವಿಫಲ ಆಗುತ್ತದೆ. ಅದೇ ಕಾರ್ಡ್‌ನಲ್ಲಿ ಮ್ಯಾನೇಜ್‌ಮೆಂಟ್‌ಗೆ ಅಂತ ಇರುವ ಸಣ್ಣ ಪಿಸಿಐ ಫಂಕ್ಷನ್‌ಗೂ (ಕಾರ್ಡ್‌ನೊಳಗಿನ ಇನ್ನೊಂದು ಡಿವೈಸ್‌ಗೂ) ಈ ಮಾತು ಅನ್ವಯಿಸುತ್ತದೆ. ಸುಮ್ನೆ ನಮ್ಮ ಡ್ರೈವರ್ ಮಾತ್ರ ತಿದ್ದಿಕೊಂಡು ಕೂತರೆ ಪ್ರಯೋಜನವಿಲ್ಲ.

ಟೆಸ್ಟ್ ಮಾಡಲು ಎಇಆರ್ ಇಂಜೆಕ್ಟ್ ಟೂಲ್ ಇದೆ, ಬಳಸಿ. ಆದರೆ ಅದು ಎರರ್ ಬಂದಂತೆ ನಟಿಸುತ್ತದೆ, ಕೆಳಗಿನ ಕಾರ್ಡ್ ಆರೋಗ್ಯವಾಗಿಯೇ ಇರುತ್ತದೆ, ಹಾಗಾಗಿ ರಿಜಿಸ್ಟರ್ ಓದುಗಳಿಗೆ ಸರಿಯಾದ ಬೆಲೆಯೇ ಬರುತ್ತದೆ, ಮೇಲೆ ಹೇಳಿದ ಲೂಪ್ ಆ ಟೆಸ್ಟ್‌ನಲ್ಲಿ ಯಾವತ್ತೂ ಸಿಕ್ಕಿಬೀಳುವುದಿಲ್ಲ. ನಾವು ಡಿಸ್ಕ್ ಮೇಲೆ ಭಾರೀ ಲೋಡ್ ಹಾಕಿ, ಸೆಟ್‌ಪಿಸಿಐ (ಪಿಸಿಐ ರಿಜಿಸ್ಟರ್ ಬದಲಿಸುವ ಕಮಾಂಡ್) ಇಂದ ಮೇಲಿನ ಪೋರ್ಟ್‌ನ ಲಿಂಕ್ ಡಿಸೇಬಲ್ ಬಿಟ್ ಎತ್ತುತ್ತೇವೆ. ಆಗ ಗೊತ್ತಾಗುತ್ತದೆ ಯಾವ ವರ್ಕರ್ ಇನ್ನೂ ಹಾರ್ಡ್‌ವೇರ್ ಮುಟ್ಟುತ್ತಿದೆ ಅಂತ. ಕೆಲವು ಆರ್ಮ್ ಬೋರ್ಡ್‌ಗಳಲ್ಲಿ ಇದೇ ಟೆಸ್ಟ್‌ಗೆ ಎಸ್‌ಎರರ್ (ಸಿಪಿಯುಗೆ ಬರುವ ಗಂಭೀರ ದೂರು) ಬಂದು ಕರ್ನಲ್ ಪ್ಯಾನಿಕ್ ಆಗಿ ಎಲ್ಲ ನಿಂತುಹೋಗುತ್ತದೆ, ಅಲ್ಲಿ ಮುಟ್ಟದೇ ಇರುವುದೊಂದೇ ದಾರಿ.

ಕಾರ್ಡ್ ಬದುಕಲೇ ಇಲ್ಲ ಅಂದರೆ? ಬಾಕಿ ಇರುವ ಎಲ್ಲ ಐಓಗಳನ್ನು (ಓದು-ಬರಹದ ಕೋರಿಕೆಗಳನ್ನು) ಕೂಡಲೇ ಎರರ್ ಕೊಟ್ಟು ಮುಗಿಸಿ. ಮೇಲೆ ಮಲ್ಟಿಪಾತ್ (ಒಂದೇ ಡಿಸ್ಕ್‌ಗೆ ಹಲವು ದಾರಿ ಬಳಸುವ ವ್ಯವಸ್ಥೆ) ಇದ್ದರೆ ಅದು ಇನ್ನೊಂದು ದಾರಿಗೆ ಹೋಗುತ್ತದೆ. ಆದರೆ ನಾವು ಇಲ್ಲ ಅಂತ ಹೇಳುವವರೆಗೆ ಅದೂ ಕಾಯುತ್ತಲೇ ಇರುತ್ತದೆ.