ಸೈಕಲ್ಲಿಗೊಂದು ಗಾಳಿಮಾಪಕ: ದುಬಾರಿ ಕಂಪ್ಯೂಟರ್ ಕೊಳ್ಳುವ ಮುನ್ನ ನಡೆಸಿದ ಪರೀಕ್ಷೆ ಎಲ್ಲಿಗೆ ಬಂತು

2024ರ ಡಿಸೆಂಬರಿನಲ್ಲಿ ವಾಹೂ ಕಂಪನಿ ‘ಎಲೆಮೆಂಟ್ ಏಸ್’ ಎಂಬ, ಹ್ಯಾಂಡಲಿಗೆ ಕೂರಿಸಿ ವೇಗ, ದೂರ ಮುಂತಾದುವನ್ನು ನೋಡುವ ಸೈಕಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿದಾಗ ನನ್ನ ಗಮನ ಸೆಳೆದದ್ದು ಅದರ ದೊಡ್ಡ ಪರದೆಯಲ್ಲ, ಮುಂಭಾಗದಲ್ಲಿ ಅಳವಡಿಸಿದ್ದ ಗಾಳಿಯ ಸೆನ್ಸರ್. ಸುಮಾರು 600 ಡಾಲರ್ ಬೆಲೆಯ ಈ ಉಪಕರಣವು ಎದುರಿನಿಂದ ಬರುವ ಗಾಳಿಯನ್ನು ತಾನೇ ಅಳೆದು, ಎದುರುಗಾಳಿ ಎಷ್ಟು, ಹಿಂಗಾಳಿ ಎಷ್ಟು ಎಂಬುದನ್ನು ಸವಾರನಿಗೆ ತೋರಿಸುತ್ತದೆ. ಅದೇ ವರ್ಷ ಬಂದ, ಅದಕ್ಕಿಂತ ದುಬಾರಿಯಾದ ಗಾರ್ಮಿನ್ ಎಡ್ಜ್ 1050ರಲ್ಲಿ ಇಂಥ ಸೆನ್ಸರ್ ಇಲ್ಲ. ಈ ಒಂದು ಸೌಲಭ್ಯಕ್ಕಾಗಿ ಅಷ್ಟು ಹಣ ಕೊಡಬಹುದೇ ಎಂಬುದನ್ನು ತಿಳಿಯಲು, ಅದೇ ಬಗೆಯ ಮಾಪಕವೊಂದನ್ನು ನಾನೇ ಕಟ್ಟಿ, ಪವರ್ ಮೀಟರ್ (ತುಳಿಯುವ ಶಕ್ತಿಯನ್ನು ವಾಟ್‌ಗಳಲ್ಲಿ ಅಳೆಯುವ ಸಾಧನ) ಇರುವ ನನ್ನ ರೋಡ್ ಬೈಕಿಗೆ ಜೋಡಿಸಿ, ಬೆಂಗಳೂರಿನ ಸುತ್ತಲಿನ ರಸ್ತೆಗಳಲ್ಲಿ ಓಡಿಸುತ್ತಿದ್ದೇನೆ. ಮಾಪಕ ಈಗ ನಂಬುವಂಥ ಸ್ಥಿತಿಗೆ ಬಂದಿದೆ, ಆಷಾಢದ ಗಾಳಿಯೂ ಸಿಕ್ಕಿದೆ; ಹಾಗಾಗಿ ಇದುವರೆಗೆ ಕಂಡದ್ದನ್ನು ಬರೆದಿಡುತ್ತಿದ್ದೇನೆ.

ಗಾಳಿಯನ್ನು ಅಳೆಯುವ ಆಸೆ ಸೈಕಲ್ ಸವಾರರಲ್ಲಿ ಏಕೆ ಇಷ್ಟು ತೀವ್ರವಾಗಿರುತ್ತದೆ ಎಂಬುದನ್ನು ಒಂದು ಲೆಕ್ಕ ತೋರಿಸುತ್ತದೆ. ಸೈಕಲ್ ಸೇರಿ 80 ಕಿಲೊ ತೂಗುವ ಸವಾರನೊಬ್ಬ ಸಮತಟ್ಟಾದ ರಸ್ತೆಯಲ್ಲಿ, ಗಾಳಿಯೇ ಇಲ್ಲದ ಹೊತ್ತಿನಲ್ಲಿ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 130 ವಾಟ್ ಶಕ್ತಿ ಸಾಕು. ಎದುರಿನಿಂದ ಗಂಟೆಗೆ 10 ಕಿ.ಮೀ. ಗಾಳಿ ಬೀಸತೊಡಗಿದರೆ ಅದೇ ವೇಗಕ್ಕೆ 205 ವಾಟ್‌ಗಿಂತ ಹೆಚ್ಚು ಬೇಕಾಗುತ್ತದೆ; ಅಷ್ಟೇ ಗಾಳಿ ಬೆನ್ನಿಗಿದ್ದರೆ 80 ವಾಟ್ ಕೂಡ ಬೇಕಾಗುವುದಿಲ್ಲ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಸಿಗುತ್ತದೆ ಎಂದು ಹಲವರು ನಂಬಿದ್ದಾರೆ, ಆದರೆ ಸಿಗುವುದಿಲ್ಲ. ಇದೇ ಸವಾರ 130 ವಾಟ್‌ಗಳನ್ನೇ ಹಿಡಿದುಕೊಂಡು 20 ಕಿ.ಮೀ. ಹೋಗಿ 20 ಕಿ.ಮೀ. ಮರಳಿದರೆ, ಎದುರುಗಾಳಿಯಲ್ಲಿ ಅವನ ವೇಗ 24ರ ಆಸುಪಾಸಿಗೆ ಇಳಿದು, ಹಿಂಗಾಳಿಯಲ್ಲಿ 36ಕ್ಕೆ ಏರಿದರೂ, ಒಟ್ಟು ಸಮಯ 80 ನಿಮಿಷದ ಬದಲು 82 ನಿಮಿಷ ದಾಟುತ್ತದೆ.

ಮಾಪಕದ ತತ್ತ್ವ ಹಳೆಯದು. ಫ್ರಾನ್ಸಿನ ಆನ್ರಿ ಪಿಟೊ 1732ರಲ್ಲಿ ಸೇನ್ ನದಿಯ ಹರಿವನ್ನು ಅಳೆಯಲು ಬಳಸಿದ ಕೊಳವೆಯೇ ಇಂದು ವಿಮಾನಗಳಲ್ಲೂ ಡ್ರೋನ್‌ಗಳಲ್ಲೂ ಇದೆ: ಹರಿವಿಗೆ ಮುಖಮಾಡಿದ ರಂಧ್ರದ ಒತ್ತಡದಿಂದ ಪಕ್ಕದ ರಂಧ್ರದ ಒತ್ತಡವನ್ನು ಕಳೆದರೆ ಉಳಿಯುವುದು ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಸೈಕಲ್ಲಿನಲ್ಲೂ ಇದು ಹೊಸದಲ್ಲ. ಅಮೆರಿಕದ ವೆಲೊಕಾಂಪ್ ಕಂಪನಿಯ ಐಬೈಕ್ 2000ದ ದಶಕದಲ್ಲಿಯೇ ಗಾಳಿಯ ಒತ್ತಡ, ರಸ್ತೆಯ ಏರು ಮತ್ತು ವೇಗೋತ್ಕರ್ಷಗಳಿಂದ ಸವಾರನ ಶಕ್ತಿಯನ್ನು ಲೆಕ್ಕ ಹಾಕುತ್ತಿತ್ತು.

ಕಷ್ಟವಿರುವುದು ಸೈಕಲ್ ವೇಗದಲ್ಲಿ ಈ ಒತ್ತಡ ತೀರಾ ಕಡಿಮೆ ಎಂಬುದರಲ್ಲಿ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ, ಗಾಳಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಬಡಿದರೂ ಹುಟ್ಟುವ ಒತ್ತಡ 53 ಪಾಸ್ಕಲ್ ಮಾತ್ರ. ಸುತ್ತಲಿನ ವಾತಾವರಣದ ಒತ್ತಡವಾದರೋ 91,000 ಪಾಸ್ಕಲ್ ಆಸುಪಾಸಿನಲ್ಲಿರುತ್ತದೆ. ಡ್ರೋನ್ ಕಟ್ಟುವವರು ಸಾಮಾನ್ಯವಾಗಿ ಬಳಸುವ, 6,900 ಪಾಸ್ಕಲ್‌ವರೆಗೆ ಅಳೆಯುವ ಸೆನ್ಸರ್ ಇಲ್ಲಿ ಒರಟಾಗುತ್ತದೆ. ಆದ್ದರಿಂದ 500 ಪಾಸ್ಕಲ್ ವ್ಯಾಪ್ತಿಯ, ಸೆನ್ಸಿರಿಯನ್ ಕಂಪನಿಯ ಎಸ್‌ಡಿಪಿ31 ಎಂಬ ಸೆನ್ಸರನ್ನು ಆರಿಸಿಕೊಂಡೆ. ಅದನ್ನು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ, ಕೊಳವೆಯನ್ನು ಹ್ಯಾಂಡಲ್‌ಗಿಂತ ಒಂದು ಗೇಣು ಮುಂದಕ್ಕೆ ಚಾಚುವಂತೆ ಕೂರಿಸಿದ್ದೇನೆ.

ಶೂನ್ಯವನ್ನು ಸರಿಯಾಗಿ ಹಿಡಿಯುವುದೇ ಈ ಕೆಲಸದ ಮುಖ್ಯ ಭಾಗವಾಯಿತು. ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ನಿಂತ ಗಾಳಿಯಲ್ಲಿ ಸೆನ್ಸರ್ ಬರೀ 1 ಪಾಸ್ಕಲ್ ತಪ್ಪಿದರೂ ಗಂಟೆಗೆ 5 ಕಿ.ಮೀ. ಗಾಳಿ ಬೀಸುತ್ತಿದೆ ಎಂದು ಅದು ಹೇಳುತ್ತದೆ. ಅದೇ 1 ಪಾಸ್ಕಲ್ ತಪ್ಪು 36 ಕಿ.ಮೀ. ವೇಗದಲ್ಲಿ ಗಂಟೆಗೆ ಅರ್ಧ ಕಿ.ಮೀ. ವ್ಯತ್ಯಾಸವನ್ನೂ ಉಂಟುಮಾಡುವುದಿಲ್ಲ. ಅಂದರೆ ಇಂಥ ಯಾವ ಮಾಪಕವೇ ಆಗಲಿ, ವೇಗದ ಸವಾರಿಯಲ್ಲಿ ನಂಬಿಕಸ್ಥ, ನಿಧಾನದ ಏರಿನಲ್ಲಿ ಅಲ್ಲ. ನಂದಿಬೆಟ್ಟದ ಏರಿನಲ್ಲಿ ಅದು ತೋರಿಸುವ ಅಂಕಿಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಎರಡನೆಯ ಹೊಂದಾಣಿಕೆ ಸವಾರನ ದೇಹದಿಂದ ಬರುವುದು. ಮೈ ಮತ್ತು ಹ್ಯಾಂಡಲ್ ಎರಡೂ ಎದುರಿನ ಗಾಳಿಯನ್ನು ಮೊದಲೇ ತಡೆಯುವುದರಿಂದ ಕೊಳವೆಯ ಬಳಿಯ ವೇಗ ನಿಜವಾದ ವೇಗಕ್ಕಿಂತ ಕಡಿಮೆಯಿರುತ್ತದೆ. ಬೆಳಗಿನ ಜಾವ ಗಾಳಿ ಶಾಂತವಾಗಿರುವಾಗ ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗಿ ಬಂದು, ಎರಡೂ ದಿಕ್ಕಿನ ಗಾಳಿವೇಗದ ಸರಾಸರಿ ನೆಲದ ವೇಗಕ್ಕೆ ಸಮವಾಗುವಂತೆ, ಮಾಪಕದ ಅಂಕಿಯನ್ನು ಗುಣಿಸಬೇಕಾದ ತಿದ್ದುಪಡಿಯ ಗುಣಕವನ್ನು ಗೊತ್ತುಮಾಡಿದೆ. ಇಲ್ಲಿ ಒತ್ತಡಗಳ ಸರಾಸರಿ ತೆಗೆಯದೆ, ಮೊದಲು ವರ್ಗಮೂಲ ತೆಗೆದು ವೇಗಗಳ ಸರಾಸರಿಯನ್ನೇ ತೆಗೆಯಬೇಕು; ಇಲ್ಲವಾದರೆ ಇರುವ ಅಲ್ಪಸ್ವಲ್ಪ ಗಾಳಿಯೂ ಗುಣಕದೊಳಗೆ ಸೇರಿಕೊಳ್ಳುತ್ತದೆ. ಕೈಯನ್ನು ಹ್ಯಾಂಡಲಿನ ಮೇಲ್ಭಾಗದಿಂದ ಕೆಳಭಾಗಕ್ಕೆ ಬದಲಿಸಿದರೂ ಗುಣಕ ಸ್ವಲ್ಪ ಸರಿಯುತ್ತದೆ, ಕಂಪ್ಯೂಟರಿನೊಳಗೇ ಅಡಕವಾದ ಸೆನ್ಸರಿಗೆ ಇದು ಇನ್ನೂ ದೊಡ್ಡ ಸವಾಲು ಎಂದು ನನ್ನ ಊಹೆ, ಏಕೆಂದರೆ ಅದರ ರಂಧ್ರ ಹ್ಯಾಂಡಲಿಗೆ ಹತ್ತಿರವೇ ಇರುತ್ತದೆ.

ಮುಂಗಾರಿನ ಗಾಳಿ ನಮ್ಮಲ್ಲಿ ಪಶ್ಚಿಮದ ಕಡೆಯಿಂದ ಬರುತ್ತದೆ. ಹಾಗಾಗಿ ಮಾಗಡಿ ರಸ್ತೆಯಲ್ಲಿ ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ. ಈ ಮಾಪಕಕ್ಕೆ ಇದಕ್ಕಿಂತ ಒಳ್ಳೆಯ ರಸ್ತೆಯಿಲ್ಲ. ಅಲ್ಲಿ ಅದು ಕೊಟ್ಟ ಮಾಹಿತಿ ನನಗೆ ನಿಜವಾಗಿಯೂ ಹೊಸದು. ಹವಾಮಾನ ಮುನ್ಸೂಚನೆಯ ಗಾಳಿವೇಗ ನೆಲದಿಂದ 10 ಮೀಟರ್ ಎತ್ತರದ, ಬಯಲಿನ ವೇಗ. ರಸ್ತೆಯ ಮೇಲೆ, ಎದೆಯ ಮಟ್ಟದಲ್ಲಿ, ತೋಪು ಮತ್ತು ಕಾಂಪೌಂಡುಗಳ ನಡುವೆ, ಅದು ಎಷ್ಟೋ ಕಡೆ ಅರ್ಧಕ್ಕಿಂತ ಕಡಿಮೆಯಿತ್ತು. ಕೆರೆಯ ಏರಿಯ ಮೇಲೆ ಬಂದೊಡನೆ ಮತ್ತೆ ಜಿಗಿಯಿತು. ಫೋನಿನ ಮುನ್ಸೂಚನೆಯನ್ನು ನೋಡಿ ಸವಾರಿಯನ್ನು ಯೋಜಿಸಬಹುದು, ಆದರೆ ಮುಗಿದ ಸವಾರಿಯನ್ನು ವಿಶ್ಲೇಷಿಸಲು ಅದು ಸಾಲದು.

ದೇವನಹಳ್ಳಿಯ ಕಡೆಗೆ ಉತ್ತರಾಭಿಮುಖವಾಗಿ ಹೋದಾಗ ಚಿತ್ರ ಬೇರೆ. ಅದೇ ಪಶ್ಚಿಮದ ಗಾಳಿ ಈಗ ಅಡ್ಡಗಾಳಿ. 30 ಕಿ.ಮೀ. ವೇಗದ ಸವಾರನಿಗೆ 15 ಕಿ.ಮೀ. ಅಡ್ಡಗಾಳಿ ಸುಮಾರು 27 ಡಿಗ್ರಿ ಓರೆಯಿಂದ ಬಂದಂತಾಗುತ್ತದೆ, ಮತ್ತು ಮುಂದಿನಿಂದ ಬರುವ ಗಾಳಿ ಹೆಚ್ಚದಿದ್ದರೂ ಪ್ರತಿರೋಧ ಸುಮಾರು ಶೇಕಡ 12ರಷ್ಟು ಏರುತ್ತದೆ. ಒಂಟಿ ಕೊಳವೆಗೆ ಇಷ್ಟು ಓರೆಯಾದ ಗಾಳಿಯನ್ನು ಬಿಡಿಸಿ ಹೇಳಲು ಸಾಧ್ಯವಿಲ್ಲ. ಪರದೆ ಎದುರುಗಾಳಿಯಿಲ್ಲ ಎನ್ನುತ್ತಿರುವಾಗಲೇ ಕಾಲು ಹೆಚ್ಚು ದುಡಿಯುತ್ತಿರುತ್ತದೆ. ಲಾರಿಯೊಂದು ದಾಟಿಹೋದಾಗಲಂತೂ ಕೆಲವು ಸೆಕೆಂಡುಗಳ ಅಂಕಿಗಳನ್ನು ಪೂರ್ತಿ ಬಿಟ್ಟುಬಿಡಬೇಕು. ಮಳೆಹನಿ ಕೊಳವೆಯ ಬಾಯಿಗೆ ಕೂತರೂ ಅಷ್ಟೇ.

ಹಾಗಾದರೆ ಉಪಯೋಗ ಯಾರಿಗೆ? ಸವಾರಿ ಮಾಡುತ್ತಲೇ ಎದುರುಗಾಳಿಯ ಅಂಕಿ ನೋಡುವುದರಿಂದ ನನ್ನ ನಡೆ ಬದಲಾಗಲಿಲ್ಲ, ಏಕೆಂದರೆ ಪವರ್ ಮೀಟರ್ ಇದ್ದವನು ವಾಟ್ ನೋಡಿಕೊಂಡು ತುಳಿಯುತ್ತಾನೆ, ಇಲ್ಲದವನಿಗೆ ಮೈಯೇ ಗಾಳಿಯನ್ನು ತಿಳಿಸುತ್ತದೆ. ಎದುರುಗಾಳಿಯಲ್ಲಿ ತುಸು ಹೆಚ್ಚು, ಹಿಂಗಾಳಿಯಲ್ಲಿ ತುಸು ಕಡಿಮೆ ಶಕ್ತಿ ಹಾಕಿದರೆ ಒಟ್ಟು ಸಮಯ ಉಳಿಯುತ್ತದೆ ಎಂಬುದು ಸರಿ. 13 ಗಂಟೆ 30 ನಿಮಿಷದೊಳಗೆ 200 ಕಿ.ಮೀ. ಮುಗಿಸಬೇಕಾದ ಬ್ರೆವೆ (ಕಾಲಮಿತಿಯಿರುವ ದೂರದ ಸವಾರಿ) ಸವಾರನಿಗೆ ಅದು ಪ್ರಯೋಜನದ ಮಾತು. ಆದರೆ ಅದಕ್ಕೆ ಗಾಳಿಯ ದಿಕ್ಕು ಗೊತ್ತಿದ್ದರೆ ಸಾಕು.

ನಿಜವಾದ ಲಾಭ ಮನೆಗೆ ಬಂದ ಮೇಲೆ ಸಿಗುತ್ತದೆ. ಪವರ್ ಮೀಟರಿನ ವಾಟ್, ಚಕ್ರದ ವೇಗ ಮತ್ತು ಗಾಳಿಯ ಒತ್ತಡ ಮೂರೂ ಒಂದೇ ಕಾಲರೇಖೆಯ ಮೇಲೆ ಇದ್ದರೆ, ಕೂರುವ ಭಂಗಿಯಲ್ಲಿ ಮಾಡಿದ ಬದಲಾವಣೆ ಗಾಳಿಯ ಪ್ರತಿರೋಧವನ್ನು ತಗ್ಗಿಸಿತೇ ಎಂಬುದನ್ನು ರಸ್ತೆಯಲ್ಲೇ ಪರೀಕ್ಷಿಸಬಹುದು, ಗಾಳಿಸುರಂಗ ಬೇಕಿಲ್ಲ. ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಯೆಂದರೆ, ಪ್ರತಿರೋಧದ ಬಲ ನೇರವಾಗಿ ಆ ಒತ್ತಡಕ್ಕೇ ಅನುಗುಣವಾಗಿರುವುದರಿಂದ ಈ ಲೆಕ್ಕಕ್ಕೆ ಗಾಳಿಯ ಸಾಂದ್ರತೆ ಕೂಡ ಬೇಕಾಗುವುದಿಲ್ಲ. ಬೆಂಗಳೂರಿನಲ್ಲಿ ಅಳೆದ ಭಂಗಿಯ ಫಲಿತಾಂಶವನ್ನು, ಗಾಳಿ ಹೆಚ್ಚು ದಟ್ಟವಾಗಿರುವ ಮಂಗಳೂರಿನ ರಸ್ತೆಯ ಫಲಿತಾಂಶದೊಂದಿಗೆ ಹಾಗೆಯೇ ಹೋಲಿಸಬಹುದು.

ಆದ್ದರಿಂದ ನನ್ನ ಈಗಿನ ತೀರ್ಮಾನ ಇದು: ಪವರ್ ಮೀಟರ್ ಇಲ್ಲದವರು ಗಾಳಿಯ ಸೆನ್ಸರಿಗಾಗಿ ದುಬಾರಿ ಕಂಪ್ಯೂಟರ್ ಕೊಳ್ಳಬಾರದು, ಆ ಹಣವನ್ನು ಪವರ್ ಮೀಟರಿಗೆ ಹಾಕಬೇಕು. ಗುಂಪಿನಲ್ಲೇ ಸವಾರಿ ಮಾಡುವವರಿಗೂ ಅದು ಬೇಡ. ಒಂಟಿಯಾಗಿ ವೇಗದ ಸ್ಪರ್ಧೆಗೆ ತಯಾರಾಗುವವರಿಗೆ ಮಾತ್ರ, ಅದೂ ಒತ್ತಡದ ಕಚ್ಚಾ ದತ್ತಾಂಶವನ್ನು ಫೈಲಿನಲ್ಲಿ ಹೊರತೆಗೆಯಲು ಬಿಡುವ ಕಂಪ್ಯೂಟರ್ ಆದರೆ, ಆ ಬೆಲೆಗೆ ಅರ್ಥವಿದೆ.

ಮುಂದಿನ ಹಂತದಲ್ಲಿ ಎಡಕ್ಕೂ ಬಲಕ್ಕೂ ಓರೆಯಾದ ಇನ್ನೆರಡು ರಂಧ್ರಗಳಿರುವ ತಲೆಯನ್ನು ಕೊಳವೆಗೆ ಜೋಡಿಸಿ, ಆ ಎರಡರ ಒತ್ತಡದ ವ್ಯತ್ಯಾಸದಿಂದ ಅಡ್ಡಗಾಳಿಯ ಕೋನವನ್ನು ಪಡೆಯಲು ಪ್ರಯತ್ನಿಸುತ್ತೇನೆ. ಅದಕ್ಕೆ ಇನ್ನೊಂದು ಎಸ್‌ಡಿಪಿ31 ಬೇಕು. ಪಶ್ಚಿಮದ ಗಾಳಿ ನಿಲ್ಲುವುದರೊಳಗೆ ಅದನ್ನು ದೇವನಹಳ್ಳಿ ರಸ್ತೆಯಲ್ಲಿ ಓಡಿಸಿ ನೋಡಬೇಕಾಗಿದೆ.