ಮೊದಲು ಪ್ರಶ್ನೆ, ಆಮೇಲೆ ಪಾಠ

ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಮಾಡುವವರಿಗೆಲ್ಲ ಇದು ಗೊತ್ತಿರುತ್ತದೆ. ‘ಕ್ಲಾಸು ತುಂಬಾ ಚೆನ್ನಾಗಿತ್ತು ಸರ್’ ಎಂದವರೇ ಕೆಲವು ವಾರ ಕಳೆದ ಮೇಲೆ ವಾರ್ಡಿನಲ್ಲಿ ಅದೇ ವಿಷಯ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ಕೇಳುವಾಗ ಎಲ್ಲ ಸಲೀಸಾಗಿ ತಲೆಗೆ ಹೋದಂತೆ ಅನಿಸಿರುತ್ತದೆ, ಅಷ್ಟೇ.

ನಾನು ಪಾಠ ಮಾಡುವುದು ಆಸಿಡ್-ಬೇಸ್, ಅಂದರೆ ರಕ್ತದಲ್ಲಿ ಆಮ್ಲ-ಕ್ಷಾರಗಳ ಸಮತೋಲನ. ಈಗ ವಿವರಣೆ ಶುರು ಮಾಡುವ ಮೊದಲೇ ಬೋರ್ಡಿನ ಮೇಲೆ ಒಂದು ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ರಿಪೋರ್ಟ್ ಬರೆಯುತ್ತೇನೆ. ಪಿಎಚ್ 7.25, ಕಾರ್ಬನ್ ಡೈಆಕ್ಸೈಡ್ 25, ಬೈಕಾರ್ಬನೇಟ್ 11. ‘ಪಕ್ಕದವರನ್ನು ಕೇಳಬೇಡಿ, ಏನಾಗಿದೆ ಅಂತ ಒಂದು ಸಾಲು ಬರೆಯಿರಿ.’

ಕಾರ್ಬನ್ ಡೈಆಕ್ಸೈಡ್ ಕಡಿಮೆ ಇದೆ ಅಂತ ‘ರೆಸ್ಪಿರೇಟರಿ ಆಲ್ಕಲೋಸಿಸ್’ (ಅತಿಯಾದ ಉಸಿರಾಟದಿಂದ ರಕ್ತ ಕ್ಷಾರೀಯವಾಗುವುದು) ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ನನಗೆ ಬೇಕಾದ್ದೂ ಅದೇ. ಪಿಎಚ್ 7.35ಕ್ಕಿಂತ ಕೆಳಗಿದೆ, ಅಂದರೆ ರಕ್ತದಲ್ಲಿ ಆಮ್ಲ ಹೆಚ್ಚಾಗಿದೆ. ಹಾಗಿದ್ದಾಗ ಆಲ್ಕಲೋಸಿಸ್ಸೇ ಮೂಲ ತೊಂದರೆ ಆಗೋದು ಹೇಗೆ? ಚರ್ಚೆ ಅಲ್ಲಿಂದ ಹೊರಡುತ್ತದೆ. ಕುಸಿದಿರುವುದು ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್; ಇದಕ್ಕೆ ಮೆಟಬಾಲಿಕ್ ಆಸಿಡೋಸಿಸ್ ಅನ್ನುತ್ತಾರೆ. ಅದನ್ನು ಸರಿದೂಗಿಸಲು ರೋಗಿ ಜೋರಾಗಿ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಹೊರಹಾಕುತ್ತಿದ್ದಾನೆ. ಬೈಕಾರ್ಬನೇಟ್ ಇಷ್ಟಿದ್ದರೆ ಕಾರ್ಬನ್ ಡೈಆಕ್ಸೈಡ್ ಎಷ್ಟಿರಬೇಕು ಎಂದು ಹೇಳುವ ವಿಂಟರ್ಸ್ ಸೂತ್ರ ಹಾಕಿ ನೋಡಿದರೆ 11ರ ಒಂದೂವರೆ ಪಟ್ಟಿಗೆ 8 ಸೇರಿಸಿ 24.5 ಬರುತ್ತದೆ, ಎರಡು ಆಚೀಚೆ. 25 ಸರಿಯಾಗಿ ಕೂತಿತಲ್ವಾ? ತಪ್ಪು ಬರೆದವನಿಗೆ ಈ ಸೂತ್ರ ಯಾಕೆ ಬೇಕು ಅಂತ ಆಗ ತಿಳಿಯುತ್ತದೆ. ಬರೀ ಸ್ಲೈಡಿನಲ್ಲಿ ನೋಡಿದವನಿಗೆ ಅದು ಬಾಯಿಪಾಠದ ಇನ್ನೊಂದು ಸಾಲು.

ಒಂದು ಸಲ ಕೇಳಿದರೆ ಸಾಲದು. ಕೆಲವು ದಿನ ಬಿಟ್ಟು ಬೇರೆ ಅಂಕಿಗಳು, ಇನ್ನೊಂದಿಷ್ಟು ದಿನ ಬಿಟ್ಟು ಮತ್ತೊಂದು ರಿಪೋರ್ಟ್. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೆಸಿಡೆಂಟ್ ವೈದ್ಯರಿಗೆ ಎರಡು ವಿಷಯ ಕಲಿಸಿ, ಒಂದರ ಮೇಲೆ ಮತ್ತೆ ಮತ್ತೆ ಪರೀಕ್ಷೆ ಕೊಟ್ಟರು, ಇನ್ನೊಂದನ್ನು ಮತ್ತೆ ಓದಿಸಿದರು. 6 ತಿಂಗಳ ನಂತರ ಜಾಸ್ತಿ ನೆನಪಿದ್ದದ್ದು ಪರೀಕ್ಷೆ ಕೊಟ್ಟ ವಿಷಯವೇ.

ಒಂದು ಕಿರಿಕಿರಿ ಇದೆ. ಇಂಥ ಕ್ಲಾಸಿನಲ್ಲಿ ವಿದ್ಯಾರ್ಥಿಗಳಿಗೆ ಏನೂ ಕಲಿತಿಲ್ಲ ಅನಿಸುತ್ತದೆ. ಹಾರ್ವರ್ಡಿನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದೂ ಇದೇ: ತಾವೇ ಲೆಕ್ಕ ಬಿಡಿಸಿದವರು ಹೆಚ್ಚು ಕಲಿತಿದ್ದರು, ಆದರೆ ಲೆಕ್ಚರ್ ಕೇಳಿದವರಿಗೇ ‘ಹೆಚ್ಚು ಕಲಿತೆವು’ ಅನಿಸಿತ್ತು. ಹಾಗಾಗಿ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಅಂಕ ಸ್ವಲ್ಪ ಇಳಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಯಾಕೆ ಹೀಗೆ ಮಾಡುತ್ತೇನೆ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ.

ಲೆಕ್ಚರ್ ಬೇಡವೇ ಬೇಡ ಅನ್ನುವವರ ಸಾಲಿನಲ್ಲಿ ನಾನಿಲ್ಲ. ಬಫರ್ (ಪಿಎಚ್ ಏರುಪೇರಾಗದಂತೆ ತಡೆಯುವ ವಸ್ತು) ಅಂದರೇನು ಅಂತಲೇ ಗೊತ್ತಿಲ್ಲದವನ ಕೈಗೆ ರಿಪೋರ್ಟ್ ಕೊಟ್ಟರೆ ಸುಮ್ನೆ ಹೆದರಿಸಿದಂತೆ. ಅವನಿಗೆ ಮೊದಲು ಬಿಡಿಸಿ ತೋರಿಸಲೇಬೇಕು.

ಪರೀಕ್ಷೆ ಹಳೆಯದೇ ಉಳಿದರೆ ಇದೆಲ್ಲ ನಿಲ್ಲುವುದಿಲ್ಲ. ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಹಾಕಿಕೊಟ್ಟ ನಾಲ್ಕು ಮೆಟ್ಟಿಲು ಈ ಕ್ಷೇತ್ರದವರಿಗೆ ಗೊತ್ತು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜ ಕೆಲಸದಲ್ಲಿ ಮಾಡುವುದು. ‘ಮೆಟಬಾಲಿಕ್ ಆಸಿಡೋಸಿಸ್‌ನ ಕಾರಣಗಳನ್ನು ಬರೆಯಿರಿ’ ಎಂಬ ಪ್ರಶ್ನೆ ಮೊದಲ ಮೆಟ್ಟಿಲು ದಾಟುವುದಿಲ್ಲ. ಅದರ ಬದಲು ನಾವು ಈಗ ರಿಪೋರ್ಟ್ ಕೊಟ್ಟು ‘ಇನ್ನೇನು ಗೊತ್ತಾಗಬೇಕು?’ ಎಂದು ಕೇಳುತ್ತೇವೆ. ಆಸಿಡೋಸಿಸ್ಸಿನ ಕಾರಣ ಹುಡುಕಲು ನೆರವಾಗುವ ಆನಿಯಾನ್ ಗ್ಯಾಪ್ ಲೆಕ್ಕಕ್ಕೆ ಸೋಡಿಯಂ, ಕ್ಲೋರೈಡ್ ಎಷ್ಟಿದೆ ಎಂದು ಕೇಳಿದವರಿಗೆ ಆ ಪ್ರಶ್ನೆಗೇ ಅಂಕ.