ಲಕ್ಷ ಜನರ ಗ್ರೂಪಲ್ಲಿ ಮಾತಾಡೋರು ಮೂರು ಮತ್ತೊಬ್ಬರು

ಮೊನ್ನೆ ಲಿಂಕ್ಡ್‌ಇನ್ ಪ್ರೊಫೈಲ್ ಸ್ವಲ್ಪ ಗುಡಿಸಿ ಸಾರಿಸೋಣ ಅಂತ ಕೂತೆ. ಹಳೇ ಫೋಟೋ ಬದಲಾಯಿಸ್ದೆ, ಮುಟ್ಟಿ ಎಷ್ಟೋ ವರ್ಷ ಆಗಿರೋ ಸ್ಕಿಲ್‌ಗಳನ್ನ ತೆಗ್ದೆ, ಆಮೇಲೆ ಗ್ರೂಪ್ ಲಿಸ್ಟ್ ತೆಗೆದು ನೋಡಿದ್ರೆ ನಾನು 43 ಗ್ರೂಪಲ್ಲಿ ಇದೀನಿ. ಅದ್ರಲ್ಲಿ ಅರ್ಧದ ಹೆಸರೂ ನೆನಪಿಲ್ಲ. ಒಂದೊಂದರ ಒಳಗೂ ಹೋಗಿ ನೋಡ್ತಾ ಹೋದೆ, ಲಕ್ಷದ ಮೇಲೆ ಮೆಂಬರ್ಸ್ ಇರೋ ಗ್ರೂಪಲ್ಲಿ ವೆಬಿನಾರ್ ಲಿಂಕು, ಸರ್ಟಿಫಿಕೇಟ್ ಕೋರ್ಸ್ ಆಫರ್ರು, ನಮ್ಮ ಹೊಸ ಲೇಖನ ಓದಿ, ನಮ್ಮ ಟೂಲ್ ಟ್ರೈ ಮಾಡಿ, ಬರೀ ಇದೇ. ಒಂದಕ್ಕೂ ಕಾಮೆಂಟ್ ಇಲ್ಲ. ಎಲ್ರೂ ಕೂಗ್ತಿದಾರೆ, ಕೇಳೋಕೆ ಒಂದು ನರಪಿಳ್ಳೆ ಇಲ್ಲ.

ಮೊದಲು ಹೀಗಿರ್ಲಿಲ್ಲ ಕಣ್ರಿ. ಲಿಂಕ್ಡ್‌ಇನ್ ಓಪನ್ ಆಗಿದ್ದು 2003ರ ಮೇ ತಿಂಗಳಲ್ಲಿ, ಗ್ರೂಪ್ಸ್ ಬಂದಿದ್ದು ಮರುವರ್ಷ, ನಾನು ಸೇರೋ ಹೊತ್ತಿಗೆ ಅದು ಚೆನ್ನಾಗಿ ಕಾವೇರಿತ್ತು. ನನ್ನ ಕೆಲಸ ಡೇಟಾಬೇಸ್ ನೋಡ್ಕೊಳ್ಳೋದು. ಒಂದ್ಸಲ ಯಾರೋ ಒಬ್ರು, ವರ್ಷನ್ ಅಪ್‌ಗ್ರೇಡ್ ಆದ್ಮೇಲೆ ಒಂದು ಕ್ವೆರಿ (ಡೇಟಾಬೇಸಿಂದ ಮಾಹಿತಿ ಕೇಳೋ ಆದೇಶ) ಇದ್ದಕ್ಕಿದ್ದಂಗೆ ತೆವಳ್ತಿದೆ ಯಾಕೆ ಅಂತ ಕೇಳಿದ್ರು. ಅದಕ್ಕೆ ಇಬ್ರು ಹಿರಿಯರು ಉತ್ತರ ಕೊಡೋಕೆ ಹೋಗಿ ಅವರವರಲ್ಲೇ ಜಗಳಕ್ಕೆ ಬಿದ್ರು, ಒಬ್ರು ಇಂಡೆಕ್ಸ್ ತಪ್ಪು ಅಂತಾರೆ, ಇನ್ನೊಬ್ರು ಇಂಡೆಕ್ಸ್ ಸರಿ ಇದೆ ಸ್ಟಾಟಿಸ್ಟಿಕ್ಸ್ ಹಳೇದಾಗಿದೆ ಅಂತಾರೆ, ನಾಲ್ಕು ದಿನ ನಡೀತು. ನಾನು ಆ ಜಗಳ ಓದಿ ಕಲಿತಷ್ಟು ಯಾವ ಟ್ರೈನಿಂಗಲ್ಲೂ ಕಲಿತಿಲ್ಲ, ನಿಜವಾಗ್ಲೂ.

ಹಾಗಾದ್ರೆ ಕೆಟ್ಟಿದ್ದು ಯಾವಾಗ? ಎಲ್ರೂ ಸ್ಪ್ಯಾಮ್ ಅಂತಾರೆ. ಸುಳ್ಳಲ್ಲ, ಆದ್ರೆ ಆ ಸ್ಪ್ಯಾಮ್ ಎಲ್ಲಿಂದ ಬಂತು ನೋಡಿ. ಒಂದೇ ಗ್ರೂಪಲ್ಲಿ ಇದ್ರೆ ಕನೆಕ್ಷನ್ ಇಲ್ದಿದ್ರೂ ಮೆಸೇಜ್ ಕಳಿಸ್ಬಹುದಿತ್ತು. ಒಬ್ಬರು 50 ಗ್ರೂಪ್ ಸೇರ್ಬಹುದು ಅನ್ನೋ ಮಿತಿ ಇತ್ತು ಆಗ, ಐವತ್ತನ್ನೂ ದೊಡ್ಡದೊಡ್ಡದೇ ಆರಿಸ್ಕೊಂಡ್ರೆ ಲಕ್ಷಾಂತರ ಜನರ ಇನ್‌ಬಾಕ್ಸ್‌ಗೆ ಪುಕ್ಕಟೆ ಬಾಗಿಲು. ರಿಕ್ರೂಟರ್ಸು, ಸೇಲ್ಸ್‌ನೋರು ಸೇರಿದ್ದು ಚರ್ಚೆಗಲ್ಲ, ಈ ಬಾಗಿಲಿಗೆ. ಉಳಿದವರು ಸೇರಿದ್ದು ಪ್ರೊಫೈಲ್ ಕೆಳಗೆ ಗ್ರೂಪ್ ಲೋಗೋಗಳು ಸಾಲಾಗಿ ಕಾಣ್ಲಿ ಅಂತ (ನಾನೂ ಅದಕ್ಕೇ ಒಂದಷ್ಟು ಸೇರಿದ್ದು, ಬಿಡಿ).

ಕಂಪನಿಯವರು ಸುಮ್ನೆ ಕೂತಿದ್ರು ಅಂತಲ್ಲ. 2013ರ ಸುಮಾರಿಗೆ ಒಂದು ರೂಲ್ ತಂದ್ರು, ಯಾವುದೋ ಒಂದು ಗ್ರೂಪಿನ ಮಾಡರೇಟರ್ ನಿಮ್ಮನ್ನ ಬ್ಲಾಕ್ ಮಾಡಿದ್ರೆ ನೀವಿರೋ ಎಲ್ಲಾ ಗ್ರೂಪಲ್ಲೂ ನಿಮ್ಮ ಪೋಸ್ಟು ಮಾಡರೇಷನ್ ಕ್ಯೂಗೆ, ಅಂದ್ರೆ ಮಾಡರೇಟರ್ ಒಪ್ಪೋವರೆಗೂ ಕಾಯೋ ಸಾಲಿಗೆ, ಹೋಗಿ ನಿಲ್ತಿತ್ತು. ಒಬ್ಬ ಮಾಡರೇಟರ್‌ಗೆ ಸಿಟ್ಟು ಬಂದ್ರೆ ಎಲ್ಲಾ ಕಡೆ ಬಾಯಿ ಕಟ್ಟಿದಂಗೆ! ಮಾಡರೇಟರ್‌ಗಳು ಆ ಕ್ಯೂನ ದಿನಾ ನೋಡಿದ್ರೆ ಸರಿ, ನೋಡ್ದಿದ್ರೆ ನಿಮ್ಮ ಪೋಸ್ಟು ಅಲ್ಲೇ ಕೊಳೀಬೇಕಿತ್ತು. ಆಮೇಲೆ 2014ರಲ್ಲಿ ಎಲ್ರಿಗೂ ಅವರವರ ಪ್ರೊಫೈಲಲ್ಲೇ ಉದ್ದ ಲೇಖನ ಬರೆಯೋಕೆ ಬಿಟ್ರು, ಅಷ್ಟಾದ್ಮೇಲೆ ಚೆನ್ನಾಗಿ ಬರೆಯೋರು ಬೇರೆಯವರ ಗ್ರೂಪಲ್ಲಿ ಯಾಕೆ ಬರೀತಾರೆ? 2015ರಲ್ಲಿ ಎಲ್ಲಾ ಗ್ರೂಪನ್ನೂ ಪ್ರೈವೇಟ್ ಮಾಡಿದ್ರು, ಒಳಗಿನ ಮಾತು ಮೆಂಬರ್‌ಗಳಿಗೆ ಮಾತ್ರ, ಸರ್ಚ್ ಎಂಜಿನ್‌ಗೂ ಸಿಗ್ತಿರ್ಲಿಲ್ಲ. ಉದ್ದೇಶ ಒಳ್ಳೇದೇ. ಆದ್ರೆ ಗೂಗಲಲ್ಲಿ ಹುಡುಕ್ತಾ ಬಂದು ಸೇರ್ಕೊಳ್ತಿದ್ದ ಹೊಸಬರ ದಾರಿ ಅಲ್ಲಿಗೆ ಮುಚ್ಚಿಹೋಯ್ತು. ಗ್ರೂಪ್ಸ್‌ಗೆ ಅಂತಾನೇ ಬೇರೆ ಆಪ್ ಮಾಡಿದ್ರು, ಅದೂ ನಿಲ್ಲಲಿಲ್ಲ, 2018ರಲ್ಲಿ ವಾಪಸ್ ಮೇನ್ ಆಪ್ ಒಳಗೇ ತಂದಿಟ್ರು. ಇದೇ ಥರದ ಸೈಟ್ ಆದ ಜರ್ಮನಿಯ ಕ್ಸಿಂಗ್ ಅಂತೂ 2023ರ ಶುರುವಲ್ಲಿ ಗ್ರೂಪ್ಸ್ ಸಹವಾಸವೇ ಬೇಡ ಅಂತ ಮುಚ್ಚಿಬಿಡ್ತು.

ಇಷ್ಟೆಲ್ಲಾ ಹೇಳಿದ್ರೂ ನನಗೆ ಅಸಲಿ ಕಾರಣ ಬೇರೆ ಅನ್ಸುತ್ತೆ. ಆನ್‌ಲೈನಲ್ಲಿ ನೂರಕ್ಕೆ ತೊಂಬತ್ತು ಜನ ಓದ್ತಾರೆ ಅಷ್ಟೇ, ಒಂಬತ್ತು ಜನ ಆಗಾಗ ಬಾಯಿ ಬಿಡ್ತಾರೆ, ಉಳಿದ ಒಬ್ಬರೇ ಬಹುಪಾಲು ಬರೆಯೋದು ಅಂತ ಜನ ವೆಬ್‌ಸೈಟ್ ಹೇಗೆ ಬಳಸ್ತಾರೆ ಅಂತ ಅಧ್ಯಯನ ಮಾಡೋ ಯಾಕೋಬ್ ನೀಲ್ಸನ್ 2006ರಲ್ಲೇ ಬರೆದಿದ್ರು. ಅದು ಎಲ್ಲಾ ಕಡೆ ಇರೋ ಕಥೆ. ಆದ್ರೆ ಈ ಪ್ರೊಫೆಷನಲ್ ಸೈಟ್‌ಗಳಲ್ಲಿ ಬಾಯಿ ಬಿಡೋಕೆ ಇನ್ನೊಂದು ಭಯ ಇದೆ, ನಿಮ್ಮ ಮಾತಿನ ಪಕ್ಕ ನಿಮ್ಮ ಹೆಸರು, ಫೋಟೋ, ಹುದ್ದೆ, ಎಷ್ಟೋ ಸಲ ಕಂಪನಿ ಹೆಸರು, ಎಲ್ಲಾ ಇರುತ್ತೆ.

ನನ್ನದೇ ಕಥೆ ಹೇಳ್ತೀನಿ. ಕೆಲವು ವರ್ಷದ ಹಿಂದೆ ಒಂದು ರಾತ್ರಿ ಬ್ಯಾಕಪ್ ರಿಸ್ಟೋರ್ ಮಾಡೋಕೆ, ಅಂದ್ರೆ ಎತ್ತಿಟ್ಟ ಪ್ರತಿಯಿಂದ ಡೇಟಾ ವಾಪಸ್ ತರೋಕೆ, ಹೋದ್ರೆ ಆಗ್ತಿಲ್ಲ. ಬ್ಯಾಕಪ್ ದಿನಾ ಸಕ್ಸಸ್ ಅಂತ ಬರ್ತಿದೆ, ರಿಪೋರ್ಟಲ್ಲಿ ಎಲ್ಲಾ ಹಸಿರು, ರಿಸ್ಟೋರ್ ಮಾತ್ರ ಎರರ್ ಹೊಡೀತಿದೆ. ಗ್ರೂಪಲ್ಲಿ ಕೇಳೋಣ ಅಂತ ಪೂರ್ತಿ ಟೈಪ್ ಮಾಡ್ದೆ. ಪೋಸ್ಟ್ ಒತ್ತೋಕೆ ಮುಂಚೆ ಒಂದ್ಸಲ ಓದ್ದೆ. ಮೇಲೆ ನನ್ನ ಹೆಸರು, ಕಂಪನಿ ಹೆಸರು, ಕೆಳಗೆ "ನಮ್ಮ ಬ್ಯಾಕಪ್ ರಿಸ್ಟೋರ್ ಆಗ್ತಿಲ್ಲ". ನಮ್ಮ ಮ್ಯಾನೇಜರ್ ಆ ಗ್ರೂಪಲ್ಲಿದಾರೆ, ಕ್ಲೈಂಟ್ ಕಡೆಯ ಇಬ್ರು ಇದಾರೆ, ನಾಳೆ ನನ್ನ ಇಂಟರ್ವ್ಯೂ ಮಾಡೋರೂ ಇರ್ಬಹುದು. ಪೂರ್ತಿ ಅಳಿಸ್ದೆ. ಕೊನೆಗೆ ಉತ್ತರ ನಾನೇ ಒದ್ದಾಡಿ ಹುಡುಕಿದ್ದು, ಯಾರೋ ಟೆಸ್ಟಿಂಗ್‌ಗೆ ಅಂತ ಮಧ್ಯದಲ್ಲಿ ಒಂದು ಫುಲ್ ಬ್ಯಾಕಪ್ ತಗೊಂಡು ಆ ಫೈಲ್ ಡಿಲೀಟ್ ಮಾಡಿದ್ರು, ಆಮೇಲಿನ, ಫುಲ್ ಬ್ಯಾಕಪ್ ಆದ್ಮೇಲೆ ಬದಲಾಗಿದ್ದನ್ನ ಮಾತ್ರ ಇಟ್ಕೊಳ್ಳೋ ಡಿಫರೆನ್ಷಿಯಲ್ ಬ್ಯಾಕಪ್‌ಗಳೆಲ್ಲಾ ಕಳೆದುಹೋದ ಆ ಫೈಲನ್ನೇ ನೆಚ್ಕೊಂಡಿದ್ವು. ಆ ಟೆಸ್ಟಿಂಗ್ ಬ್ಯಾಕಪ್ ತಗೊಳ್ಳೋವಾಗ ಕಾಪಿ ಓನ್ಲಿ (ಬರೀ ಪ್ರತಿ, ಮಿಕ್ಕ ಬ್ಯಾಕಪ್ ಇದನ್ನ ನೆಚ್ಕೊಳ್ಳಲ್ಲ) ಅಂತ ಒಂದು ಆಪ್ಷನ್ ಹಾಕಿದ್ರೆ ಮುಗೀತಿತ್ತು. ಗ್ರೂಪಲ್ಲಿ ಕೇಳಿದ್ರೆ ಹತ್ತು ನಿಮಿಷದ ಉತ್ತರ.

ಹೀಗೆ ಗೊತ್ತಿಲ್ಲ ಅನ್ನೋಕೆ ಭಯ ಪಡೋರೆಲ್ಲಾ ಸುಮ್ನಾದ್ರೆ ಪ್ರಶ್ನೆ ನಿಂತುಹೋಗುತ್ತೆ, ಉಳಿಯೋದು ಗೊತ್ತಿದೆ ಅನ್ನೋರು ಮಾತ್ರ. ಗೊತ್ತಿದೆ ಅನ್ನೋರು ಬರೀತಾ ಹೋದ್ರೆ ಅದು ಜಾಹೀರಾತೇ ಆಗೋದು, ಇನ್ನೇನು.

43ರಲ್ಲಿ 41 ಬಿಟ್ಟೆ ಕೊನೆಗೆ. ಉಳಿಸ್ಕೊಂಡಿರೋ ಎರಡರಲ್ಲಿ ಒಂದು, ಮುನ್ನೂರು ಜನಾನೂ ಇಲ್ಲದ ಸಣ್ಣ ಗ್ರೂಪು. ಅದರ ಅಡ್ಮಿನ್ ಮೇಡಂ ಬಲು ಕಟ್ಟುನಿಟ್ಟು, ಬರೀ ಲಿಂಕ್ ಹಾಕಿದ್ರೆ ಮುಲಾಜಿಲ್ದೆ ಕಿತ್ತಾಕ್ತಾರೆ, ಹೊಸಬರಿಗೆ ಏನು ಕೆಲಸ, ಎಲ್ಲಿ ಸಿಕ್ಕಾಕೊಂಡಿದೀರ ಅಂತ ಅವರೇ ಮೆಸೇಜ್ ಮಾಡಿ ಕೇಳ್ತಾರೆ. ಇನ್ನೊಂದು ವ್ಯವಸ್ಥೆ ಇದೆ ಅಲ್ಲಿ, ಹೆಸರು ಹಾಕ್ಕೊಂಡು ಕೇಳೋಕೆ ಮುಜುಗರ ಅಂದ್ರೆ ಅವರಿಗೆ ಕಳಿಸಿ, ಹೆಸರು ತೆಗೆದು ತಾವೇ ಪೋಸ್ಟ್ ಮಾಡ್ತಾರೆ. ಅಲ್ಲಿ ಬರೋ ಒಳ್ಳೊಳ್ಳೆ ಪ್ರಶ್ನೆಗಳೆಲ್ಲಾ ಹಂಗೇ ಬಂದಿದ್ದು.

ಹೋದ ವಾರ ಅವರು ಹಾಕಿದ ಪ್ರಶ್ನೆ ನೋಡಿ ನಗು ಬಂತು. ಬ್ಯಾಕಪ್ ಸಕ್ಸಸ್ ಅಂತಿದೆ, ರಿಸ್ಟೋರ್ ಆಗ್ತಿಲ್ಲ, ಯಾಕೆ? ಕೂತ್ಕೊಂಡು ನೀಟಾಗಿ ಉತ್ತರ ಬರ್ದೆ, ಕಾಪಿ ಓನ್ಲಿ ಕಥೆ ಎಲ್ಲಾ ಸೇರಿಸಿ. ಮೊದಲ ಸಾಲು "ನಮ್ಮಲ್ಲೂ ಹಿಂಗೇ ಆಗಿತ್ತು" ಅಂತಿತ್ತು. ಕರ್ಸರ್ ಅಲ್ಲೇ ಮಿಣಮಿಣ ಅಂತಿತ್ತು ಒಂದೆರಡು ನಿಮಿಷ. ಆಮೇಲೆ "ನನಗೆ ಗೊತ್ತಿರೋ ಒಂದು ಕಡೆ ಹಿಂಗೇ ಆಗಿತ್ತು" ಅಂತ ತಿದ್ದಿ ಪೋಸ್ಟ್ ಒತ್ತಿದೆ.